ಅವ್ವ ಇಟ್ಟ ಹೆಸರಿಗೆ ಸಾಕ್ಷಿ ಬೇಕಾಗಿದೆ

ಮದುವೆಯ ದಿನ ಹೆಣ್ಣಿನ ಹೆಸರು ಬದಲಿಸುವುದು ಅನ್ಯಾಯ, ಗೆಳೆಯರೇ. ಆಮೇಲೆ ಹಳೆಯ ಹೆಸರಿಗೆ ಸಾಕ್ಷಿ ಕೇಳುವುದು ಇನ್ನೂ ದೊಡ್ಡ ಅನ್ಯಾಯ.

ನಮ್ಮ ವಠಾರದ, ಯಾದಗಿರಿ ಕಡೆಯ ಮಹಾದೇವಿ ಅಕ್ಕನ ಜೊತೆ ಇವತ್ತು ಉಳಿತಾಯ ಖಾತೆ ತೆರೆಯಲು ಬ್ಯಾಂಕಿಗೆ ಹೋಗಿದ್ದೆ. ಅರ್ಜಿಯಲ್ಲಿ ಅಕ್ಕ ತಮ್ಮ ಹೆಸರು ಶರಣಮ್ಮ ಎಂದು ಬರೆಸಿದರು. ಶಾಲೆಯ ಟಿ.ಸಿ.ಯಲ್ಲೂ ಅದೇ ಇತ್ತು. ರೇಷನ್ ಕಾರ್ಡಿನಲ್ಲಿ ಮಾತ್ರ ಮಹಾದೇವಿ.

"ಇಬ್ರಲ್ಲಿ ನೀವು ಯಾರಮ್ಮಾ?" ಎಂದರು ಅಧಿಕಾರಿ. "ಮಹಾದೇವಿ ಅಂತಾನೇ ಮಾಡ್ಕೊಡ್ತೀನಿ, ಸುಲಭ."

"ಬ್ಯಾಡ್ರಿ ಸರ. ಶರಣಮ್ಮ ನಮ್ಮವ್ವ ಇಟ್ಟ ಹೆಸರು. ಮದ್ವಿ ಆಗಿ ಹನ್ನೆರಡು ವರ್ಷ ಆತು, ಯಾರೂ ಹಂಗ ಕರದಿಲ್ರಿ. ಪಾಸ್‌ಬುಕ್ಕಿನಾಗರ ಇರಲಿ."

"ಹಾಗಾದ್ರೆ ಇಲ್ಲಿ ಖಾತೆ ಇರೋರು ಯಾರಾದ್ರೂ, ಇವ್ರೇ ಶರಣಮ್ಮ ಅಂತ ಸಹಿ ಹಾಕ್ಬೇಕು."

ನನ್ನ ಖಾತೆ ಅಲ್ಲೇ ಇದೆ. ಪೆನ್ನು ತೆಗೆದೆ.

"ಈ ಹೆಸರು ಎಷ್ಟು ವರ್ಷದಿಂದ ಗೊತ್ತು ನಿಮ್ಗೆ?"

"ಈಗ ಗೊತ್ತಾಯ್ತು ಸಾರ್." ನನ್ನ ಸಹಿ ನಡೆಯಲಿಲ್ಲ.

ಸ್ತ್ರೀ ಸಮಾನತೆಯ ಕರಪತ್ರವನ್ನು ಮೂರು ಸಲ ಅಕ್ಕನ ಕೈಗೆ ಕೊಟ್ಟಿದ್ದೇನೆ. ಅವರ ಹೆಸರು ಕೇಳಿರಲಿಲ್ಲ.

ಆ ಹೆಸರು ಬಲ್ಲ ತವರೂರಿನ ಗೆಳತಿ ದೊಮ್ಮಲೂರಿನಲ್ಲಿದ್ದಾರೆ, ಅವರ ಖಾತೆಯೂ ಅದೇ ಬ್ಯಾಂಕಿನಲ್ಲಿದೆ. ಸಹಿ ಹಾಕಲು ಬರುತ್ತಾರೆ. ನೀವೂ ಬನ್ನಿ, ಶರಣಮ್ಮ ಎಂದೇ ಕರೆಯಿರಿ. ಸೋಮವಾರ ಬೆಳಗ್ಗೆ ಹತ್ತೂವರೆಗೆ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದಲ್ಲಿ ಸೇರಿ ಬ್ಯಾಂಕಿಗೆ ಹೋಗೋಣ.