ದೂರು ಪುಸ್ತಕಕ್ಕೆ ಬಿದ್ದ ನನ್ನ ಪಿಯಾನೊ

ಮೊನ್ನೆ ನನ್ನ ಹೆಂಡತಿ ಟ್ರಂಕಿನಿಂದ ಉಣ್ಣೆಯ ಶಾಲು ತೆಗೆದು ಕೊಡವಿದಳು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತು. ಬೇರೆಯವರಿಗೆ ಆ ವಾಸನೆಗೆ ಚಳಿಗಾಲವೋ ಅಜ್ಜಿಯ ಸೀರೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಪಿಯಾನೊ. ನಗಬೇಡಿ. ಶಿವಮೊಗ್ಗದ ಹೊಸಮನೆಯ ಲಾರಿ ಮೇಸ್ತ್ರಿಗೂ ಪಿಯಾನೊಗೂ ಏನು ಸಂಬಂಧ ಅಂತ ಕೇಳುವವರಲ್ಲಿ ನೀವೇ ಮೊದಲಿಗರಲ್ಲ. ಭದ್ರಾವತಿಯಲ್ಲಿ ಅದನ್ನು ಬರವಣಿಗೆಯಲ್ಲೇ ಕೇಳಿದವರಿದ್ದಾರೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೂ ಹೋಗಿದ್ದೆ, ಅದು ನನಗೆ ಹಿಡಿಸಲಿಲ್ಲ, ನಾನು ಅವರಿಗೆ ಹಿಡಿಸಲಿಲ್ಲ. ಆಮೇಲೆ ಕಲಿತದ್ದೆಲ್ಲ ಲಾರಿಯ ಕೆಳಗೆ ಅಂಗಾತ ಮಲಗಿ. ಇಪ್ಪತ್ತೈದು ತುಂಬುವಷ್ಟರಲ್ಲಿ ನನ್ನದೇ ಗ್ಯಾರೇಜು. ಆಯನೂರಿನಾಚೆ ಗಾಡಿ ಕೆಮ್ಮಿದರೂ ನನಗೇ ಹೇಳಿಕಳಿಸುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತಾ ಬಂದ ಕಾಲ. ಭದ್ರಾವತಿಯಲ್ಲಿ ಕಾರ್ಖಾನೆಯ ಜನ ಸೇರುವ ಒಂದು ಕ್ಲಬ್ಬಿತ್ತು, ಅಲ್ಲಿ ಯಾವನೋ ದೊರೆ ಬಿಟ್ಟುಹೋದ ಒಂದು ಪಿಯಾನೊ. ಅದರ ಪೆಡಲು ಮುರಿದಾಗ ಕ್ಲಬ್ಬಿನ ಕಾರ್ಯದರ್ಶಿ ಶೇಷಗಿರಿರಾಯರು ನನ್ನನ್ನು ಕರೆಸಿದರು. ಮುಚ್ಚಳ ಎತ್ತಿದೆ. ಇಲಿ ಬಾರದಿರಲೆಂದು ಒಳಗೆ ಎರಡು ಹಿಡಿ ನುಸಿಗುಳಿಗೆ ಸುರಿದಿದ್ದರು. ಗೇರ್‌ಬಾಕ್ಸ್ ಬಿಚ್ಚಿದವನಿಗೆ ಅದೇನು ದೊಡ್ಡದು? ಮಧ್ಯಾಹ್ನದೊಳಗೆ ಪೆಡಲು ಕೂರಿಸಿದೆ. ಸರಿಯಾಯಿತೋ ಇಲ್ಲವೋ ನೋಡಬೇಕಲ್ಲ, ಪೆಡಲು ತುಳಿದು ಒಂದು ಬಿಳಿ ಪಟ್ಟಿ ಒತ್ತಿದೆ. ಹೊರಡಲು ಮನಸ್ಸಿಲ್ಲದ ನೆಂಟರ ಹಾಗೆ ಆ ಸದ್ದು ಬಹಳ ಹೊತ್ತು ಬಾಗಿಲಲ್ಲೇ ನಿಂತಿತು. ಅಲ್ಲಿಗೆ ನಾನು ಕೆಟ್ಟೆ.

ಅಂದಿನಿಂದ ಪ್ರತಿ ಭಾನುವಾರ ಭದ್ರಾವತಿಯ ಬಸ್ಸು. ಪಟ್ಟಿಗಳ ಮೇಲೆ ನೀಲಿ ಸೀಮೆಸುಣ್ಣದಲ್ಲಿ ನಂಬರು ಬರೆದುಕೊಂಡು ಆರು ತಿಂಗಳಲ್ಲಿ ನನ್ನದೇ ಒಂದು ರಚನೆ ಮಾಡಿದೆ. ಶುದ್ಧ ದುಃಖದ್ದು. ನನಗೆ ಆಗ ದುಃಖಪಡಲು ಯಾವ ಕಾರಣವೂ ಇರಲಿಲ್ಲ. ಕೈತುಂಬ ಕೆಲಸ, ಹೊಟ್ಟೆತುಂಬ ಊಟ, ಮದುವೆ ಬೇರೆ ಆಗಿರಲಿಲ್ಲ. ಆದರೂ ಕೈಯಿಟ್ಟ ಕಡೆಯೆಲ್ಲ ದುಃಖವೇ ಬರುತ್ತಿತ್ತು. ನಡುವೆ ಒಂದು ಕಡೆ ಏನೂ ಒತ್ತದೆ ಹತ್ತು ಎಣಿಸುವಷ್ಟು ಹೊತ್ತು ಕೂರಬೇಕು. ನನಗೆ ಬಹಳ ಇಷ್ಟವಾದ ಜಾಗ ಅದು. ಅಲ್ಲಿ ಒಮ್ಮೆಯೂ ತಪ್ಪು ಬಾರಿಸಿದ್ದಿಲ್ಲ.

ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಅದನ್ನು ಬಾರಿಸಬೇಕೆಂದು ಆಸೆ ಹುಟ್ಟಿತು. ಡಿಗ್ರಿ ಪಡೆದ ಇಂಜಿನಿಯರುಗಳು ಮುಂದಿನ ಸಾಲಿನಲ್ಲಿ ಕೂತು, ನಾಲ್ಕನೇ ಕ್ಲಾಸಿನವನ ಎದುರು ಬಾಯಿ ಮುಚ್ಚಿಕೊಂಡಿರಬೇಕು. ನನ್ನ ಸಂಗೀತಪ್ರೇಮದಲ್ಲಿ ಮುಕ್ಕಾಲು ಪಾಲು ಇಷ್ಟೇ.

“ನೋಡಿ ಮೇಸ್ತ್ರಿ, ಕಮಿಟಿಗೆ ಕಾಗದ ಬೇಕು,” ಅಂದರು ರಾಯರು. “ಈ ಭಾನುವಾರ ಬಾರ್ಸಿ. ಕೇಳ್ದೋರು ಏನನ್ನಿಸ್ತು ಅಂತ ಬರೀಲಿ. ಅದನ್ನ ಮುಂದಿಡ್ತೀನಿ.”

ಬರೆಯಲು ಕ್ಲಬ್ಬಿನಲ್ಲಿದ್ದದ್ದು ಒಂದೇ ಪುಸ್ತಕ: ದೂರು ಪುಸ್ತಕ. ಎಡಗಡೆ ‘ದೂರು’, ಬಲಗಡೆ ‘ಕೈಗೊಂಡ ಕ್ರಮ’. ಫ್ಯಾನು ತಿರುಗುವುದಿಲ್ಲ, ಕೇರಂ ಕಾಯಿ ಕಾಣೆ, ಇಂಥವು. ಎಡಗಡೆ ಏನೇ ಬಿದ್ದರೂ ತಿಂಗಳೊಳಗೆ ಬಲಗಡೆ ತುಂಬಬೇಕು, ಇಲ್ಲದಿದ್ದರೆ ಮೇಲಿನವರು ಕೇಳುತ್ತಾರೆ. ರಾಯರು ತಮ್ಮ ಜನ್ಮದಲ್ಲಿ ಬಲಗಡೆ ಖಾಲಿ ಬಿಟ್ಟವರಲ್ಲ.

ಭಾನುವಾರ ಬಾರಿಸಿದೆ. ಹದಿನಾಲ್ಕು ಜನ ಕೇಳಿದರು. ಮುಂದಿನ ವಾರ ಹೋದಾಗ ರಾಯರು ಪುಸ್ತಕ ಬಿಚ್ಚಿ ಹೆಮ್ಮೆಯಿಂದ ಓದತೊಡಗಿದರು.

“ದೂರು: ಮಧ್ಯೆ ಸದ್ದು ನಿಂತಿತು. ಮುಗಿಯಿತೆಂದು ಚಪ್ಪಾಳೆ ತಟ್ಟಿದೆ. ಮುಗಿದಿರಲಿಲ್ಲ. ನಾಲ್ಕು ಜನರೆದುರು ಮಾನ ಹೋಯಿತು. ಕೈಗೊಂಡ ಕ್ರಮ: ಮುಗಿದಾಗ ತಿಳಿಸಲು ಸೈಕಲ್ ಗಂಟೆ ಅಳವಡಿಸಲಾಗಿದೆ.”

ನೋಡಿದೆ. ನಿಜವಾಗಿಯೂ ಪಿಯಾನೊದ ಪಕ್ಕೆಗೆ ಗಂಟೆ ಬಿಗಿದಿದ್ದರು. ಸ್ಕ್ರೂ ಸೊಟ್ಟಗಿತ್ತು. ನನಗೆ ಸಹಿಸಲಾಗದ್ದು ಅದೊಂದೇ.

“ದೂರು: ಎಡಗೈ ನಮ್ಮ ಅತ್ತೆಯ ಹಾಗೆ ಹೇಳಿದ್ದನ್ನೇ ಹೇಳುತ್ತದೆ. ಕ್ರಮ: ಎಡಗೈಗೆ ತಿಳಿವಳಿಕೆ ನೀಡಲಾಗುವುದು.” ರಾಯರು ಕನ್ನಡಕದ ಮೇಲಿನಿಂದ ನನ್ನ ಎಡಗೈಯನ್ನು ದಿಟ್ಟಿಸಿದರು. “ದೂರು: ಕೇಳಿದ ಮೇಲೆ ಊಟ ಸೇರಲಿಲ್ಲ. ಕ್ರಮ: ಕ್ಯಾಂಟೀನಿನವರಿಂದ ವಿವರಣೆ ಕೇಳಲಾಗಿದೆ.”

ಕೊನೆಯದು ಎರಕದ ವಿಭಾಗದ ಮುನಿಸ್ವಾಮಿ ಎಂಬವನದು. ‘ಅಳು ಬಂತು.’ ಅಷ್ಟೇ. ಬಲಗಡೆ ಖಾಲಿ.

“ಇದೊಂದಕ್ಕೆ ನೀವೇ ಕ್ರಮ ತಗೋಬೇಕು ಮೇಸ್ತ್ರಿ. ಆ ಅಳು ತೆಗೆದ್ಬಿಡಿ, ವಾರ್ಷಿಕೋತ್ಸವಕ್ಕೆ ನಿಮ್ಮ ಹೆಸರು ಹಾಕ್ತೀನಿ.”

ಕಲಾವಿದನಾಗಿದ್ದರೆ ಮುನಿಸಿಕೊಂಡು ಹೊರಡುತ್ತಿದ್ದೆನೇನೋ. ನಾನು ಕಸುಬಿನವನು. ಗಿರಾಕಿ ಸದ್ದು ಬರುತ್ತೆ ಅಂದರೆ ಆ ಸದ್ದು ತೆಗೆಯುವುದೇ ನನ್ನ ಅನ್ನ. ಅಂಗಿಯ ತೋಳು ಮಡಚಿ ಕೂತೆ. ನಡುವಿನ ಮೌನವನ್ನು ಕಿತ್ತುಹಾಕಿದೆ. ಎಡಗೈಗೆ ವೇಗ ಕೊಟ್ಟೆ. ಎರಡು ವಾರದಲ್ಲಿ ನನ್ನ ದುಃಖ ಮದುವೆಮನೆಯ ಬ್ಯಾಂಡಿನ ಹಾಗೆ ಓಡತೊಡಗಿತು. ರಾಯರು ಕಾಲು ಕುಣಿಸಿದರು. ಕುಣಿಸುತ್ತಿರುವುದು ತಮಗೇ ತಿಳಿದು ನಿಲ್ಲಿಸಿದರು.

ವಾರ್ಷಿಕೋತ್ಸವಕ್ಕೆ ಇನ್ನೊಂದು ವಾರವಿರುವಾಗ ಎಲ್ಲರ ಮುಂದೆ ಬಾರಿಸಿ ತೋರಿಸಿದೆ. ರಾಯರು ಗಂಟೆ ಹೊಡೆದರು, ಚಪ್ಪಾಳೆಯೂ ಬಿತ್ತು. ಆಗ ಹಿಂದಿನ ಸಾಲಿನಿಂದ ಗಟ್ಟಿ ಆಳೊಬ್ಬ ಎದ್ದು ನೇರ ನನ್ನ ಹತ್ತಿರ ಬಂದ. ಅವನ ಕೈ ಹಿಡಿದು ಬಿಳಿ ಸೀರೆಯ ಮುದುಕಿಯೊಬ್ಬರು.

“ಎನ್ನಾ ಮೇಸ್ತ್ರಿ, ಅದನ್ನ ಏನ್ ಮಾಡ್ಬಿಟ್ರಿ?”

“ಯಾರು ನೀವು?”

“ಮುನಿಸ್ವಾಮಿ. ಅಳು ಬಂತು ಅಂತ ಬರ್ದಿದ್ನಲ್ಲ.”

“ನಿಮ್ಮ ಕಂಪ್ಲೇಂಟ್ ಸರಿ ಮಾಡಿದೀನಲ್ಲ!”

“ಅಯ್ಯೋ, ಕಂಪ್ಲೇಂಟ್ ಯಾರ್ ಕೊಟ್ರು? ಬರಿಯೋಕೆ ಬೇರೆ ಜಾಗ ಎಲ್ಲಿತ್ತು ಅಲ್ಲಿ? ನಮ್ಮಪ್ಪ ಹೋಗಿ ವರ್ಷ ಆಯ್ತು. ನಮ್ಮಮ್ಮ ಒಂದ್ ಹನಿ ಕಣ್ಣೀರು ಹಾಕಿಲ್ಲ, ಸುಮ್ನೆ ಗೋಡೆ ನೋಡ್ಕೊಂಡು ಕೂರ್ತಾರೆ. ನನಗೇ ಅಳು ಬಂತಲ್ಲ, ಅಮ್ಮಂಗೂ ಬರ್ಲಿ ಅಂತ ಓಲ್ಡ್ ಟೌನಿಂದ ನಡೆಸ್ಕೊಂಡ್ ಬಂದ್ರೆ, ನೀವು ಡ್ಯಾನ್ಸ್ ಬಾರಿಸ್ತೀರಲ್ಲ ಮಾರಾಯ್ರೇ!”

ಕೆಲಸ ಸರಿಯಾಯಿತು ಎಂಬ ಕಾರಣಕ್ಕೆ ನನ್ನ ಮೇಲೆ ಜಗಳಕ್ಕೆ ಬಂದ ಗಿರಾಕಿ ಇದುವರೆಗೆ ಅವನೊಬ್ಬನೇ. ನಾನು ಬಾಯಿ ತೆರೆಯುವ ಮೊದಲೇ ಅವನು ಪುಸ್ತಕ ಎಳೆದುಕೊಂಡು ಎಡಗಡೆ ಬರೆದ: ‘ಅಳು ಬರಲಿಲ್ಲ.’

ರಾಯರು ಬೆವರಿದರು. ಪೆನ್ನಿನ ತುದಿ ಕಚ್ಚಿದರು. ಮುದುಕಿಯ ಮುಖ ನೋಡಿದರು. ಕೊನೆಗೆ ಬಲಗಡೆ ದುಂಡಗೆ ಬರೆದರು: ‘ಹಿಂದಿನ ದುಃಖವನ್ನು ಮೊದಲಿದ್ದಂತೆಯೇ ಅಳವಡಿಸಲು ಮೇಸ್ತ್ರಿಯವರಿಗೆ ಸೂಚಿಸಲಾಗಿದೆ.’

ಬಿಚ್ಚಿದ ಇಂಜಿನುಗಳನ್ನು ಎಷ್ಟೋ ಜೋಡಿಸಿದ್ದೇನೆ. ಬಿಚ್ಚಿದ ದುಃಖ ಜೋಡಿಸುವುದು ಬೇರೆಯೇ ಕಷ್ಟ. ನಾಲ್ಕು ದಿನ ಗ್ಯಾರೇಜಿನ ಬಾಗಿಲು ಹಾಕಿ ಭದ್ರಾವತಿಯಲ್ಲೇ ಕೂತೆ.

ವಾರ್ಷಿಕೋತ್ಸವದ ಸಂಜೆ ಇಂಜಿನಿಯರುಗಳು ಮುಂದೆಯೇ ಕೂತಿದ್ದರು. ಅವರನ್ನು ನೋಡಿ ಆನಂದಪಡಬೇಕೆಂದಿದ್ದವನು ನೋಡಲು ಮರೆತೆ. ಮೌನದ ಜಾಗ ಬಂತು. ಎಣಿಸತೊಡಗಿದೆ. ಆರಕ್ಕೆ ಬರುವಾಗ ಹಿಂದಿನಿಂದ ಒಂದು ಬಿಕ್ಕು ಕೇಳಿತು. ಹೆಂಗಸಿನದು. ನನಗೆ ಎಣಿಕೆ ತಪ್ಪಿತು. ಎಷ್ಟು ಹೊತ್ತು ಹಾಗೇ ಕೂತೆನೋ ತಿಳಿಯದು. ರಾಯರು ಗಂಟೆಯ ಮೇಲೆ ಕೈಯಿಟ್ಟುಕೊಂಡಿದ್ದರೂ ಹೊಡೆಯಲಿಲ್ಲ.

ಮುಗಿದ ಮೇಲೆ ಆ ತಾಯಿ ಕಣ್ಣೊರೆಸಿಕೊಳ್ಳುತ್ತ ಬಂದು ನನ್ನ ಎಡಗೈ ಹಿಡಿದು ತಮಿಳಿನಲ್ಲಿ ಬಹಳ ಹೊತ್ತು ಮಾತಾಡಿದರು.

“ಏನಂತಾರೆ?” ಅಂದೆ.

“ಚೆನ್ನಾಗಿತ್ತಂತೆ,” ಅಂದ ಮುನಿಸ್ವಾಮಿ. “ಆದ್ರೆ ಎಡಗೈ ಇನ್ನೂ ಸ್ವಲ್ಪ ನಿಧಾನ ಮಾಡ್ಬಹುದಿತ್ತಂತೆ.”

ಈಗ ಗ್ಯಾರೇಜನ್ನು ಮಗ ನೋಡಿಕೊಳ್ಳುತ್ತಾನೆ, ಆದರೆ ಮನೆಯಲ್ಲಿ ಕೂತರೆ ನನಗೆ ಕೈಕಾಲು ಹಿಡಿದುಕೊಳ್ಳುತ್ತದೆ. ಇವತ್ತು ಬೆಳಿಗ್ಗೆ ಅಲ್ಲಿದ್ದಾಗ ನಿವೃತ್ತ ಮೇಷ್ಟ್ರೊಬ್ಬರು ಬ್ರೇಕು ಹಿಡಿಯುತ್ತಿಲ್ಲವೆಂದು ಸ್ಕೂಟರು ತಂದರು. ಸೈಲೆನ್ಸರು ಗಡಗಡ ಅನ್ನುತ್ತಿತ್ತು. ಒಂದು ಬೋಲ್ಟು ಬಿಗಿದರೆ ಮುಗಿಯಿತು. ಕೈ ತಾನಾಗಿಯೇ ಸ್ಪಾನರಿಗೆ ಹೋಯಿತು. ಏನನ್ನಿಸಿತೋ, ಎಂದೂ ಕೇಳದವನು ಕೇಳಿದೆ:

“ಮೇಷ್ಟ್ರೇ, ಈ ಸದ್ದು ತೆಗೀಲಾ, ಇರ್ಲಾ?”

“ಏ, ಮುಟ್ಬೇಡಿ ಮಾರಾಯ್ರೆ! ಬೀದಿ ತಿರುವಲ್ಲಿ ಈ ಸದ್ದು ಕೇಳಿದ್ರೇನೇ ನಮ್ಮನೆಯವ್ಳು ಕಾಫಿಗಿಡೋದು.”

ಬ್ರೇಕು ಮಾತ್ರ ಸರಿಮಾಡಿ ಕಳಿಸಿದೆ. ಸ್ಕೂಟರು ಗಡಗಡ ಅನ್ನುತ್ತಾ ಹೋಯಿತು. ಕೇಳಿಸುವಷ್ಟು ದೂರ ಕೇಳುತ್ತಾ ನಿಂತಿದ್ದೆ.