ಗುಬ್ಬಿಗೆ ಕಳಿಸಿದ ಸಂಜೆ

ನಮ್ಮ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದೆ. ಕೆಟ್ಟು ಮುಂದೆ ಓಡಿದ್ದಲ್ಲ, ನನ್ನ ಹೆಂಡತಿ ಗಿರಿಜೆ ಕುರ್ಚಿ ಹತ್ತಿ ಮುಳ್ಳು ತಿರುಗಿಸಿ ಇಟ್ಟದ್ದು. ಬಸ್ಸು ತಪ್ಪಬಾರದು ಎಂಬುದು ಅವಳ ಲೆಕ್ಕ. ಮುಂದಿದೆ ಎಂದು ಮನೆಯವರಿಗೆಲ್ಲ ಗೊತ್ತಿರುವುದರಿಂದ ಮನಸ್ಸಿನಲ್ಲೇ ಹತ್ತು ಕಳೆದು ನಿಧಾನವಾಗಿ ಕಾಫಿ ಕುಡಿಯುತ್ತೇವೆ, ಬಸ್ಸೂ ತಪ್ಪುತ್ತದೆ. ತುಮಕೂರಿನ ಅಂಚಿನ ಮರಳೂರಿನಲ್ಲಿ ನಮ್ಮ ಬೀದಿಯ ಯಾವುದಾದರೂ ಮನೆಯಲ್ಲಿ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದ್ದರೆ, ಅಲ್ಲಿಗೆ ಹೊಸ ಬಾಡಿಗೆದಾರರು ಬಂದಿದ್ದಾರೆ ಎಂದೇ ಅರ್ಥ.

ನಾನು ಹುಟ್ಟಾ ಗಾಬರಿಯ ಮನುಷ್ಯ. ಹಿಂದಿನ ಕಾಲದ ಮದುವೆಮನೆಗಳಲ್ಲಿ ಗಳಿಗೆ ಬಟ್ಟಲು ಇಡುತ್ತಿದ್ದರಂತೆ. ತಳದಲ್ಲಿ ಸಣ್ಣ ತೂತಿರುವ ಆ ಬಟ್ಟಲು ನೀರು ತುಂಬಿ ಮುಳುಗಿದರೆ ಒಂದು ಗಳಿಗೆ. ಅದನ್ನೇ ನೋಡುತ್ತಾ ಕೂರಲು ಒಬ್ಬನನ್ನು ನೇಮಿಸುತ್ತಿದ್ದರು. ಊಟದ ಕಡೆ, ನೆಂಟರ ಕಡೆ ಕಣ್ಣು ಹಾಯಿಸದೆ ಮುಹೂರ್ತ ಮೀರಿಬಿಟ್ಟೀತೆಂದು ನಡುಗುತ್ತಾ ಕೂರುವ ಆ ಕೆಲಸಕ್ಕೆ ನಾನು ಹೇಳಿ ಮಾಡಿಸಿದವನು. ಬಟ್ಟಲಿನ ಕಾಲ ಮುಗಿದಿದ್ದರಿಂದ, ಎರಡು ಸಾವಿರದ ಆಚೆಗಿನ ಆ ವರ್ಷಗಳಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲಸ ಹಿಡಿದೆ.

ಗುಬ್ಬಿಯಲ್ಲಿ ಹೆದ್ದಾರಿ ಪಕ್ಕ ಚಪ್ಪಲಿ ಅಂಗಡಿ ಇಟ್ಟಿದ್ದ ನಯಾಜ್ ಒಂದು ದಿನ ಬಂದರು.

"ರಂಜಾನ್ ಬರ್ತಾ ಇದೆ ಸಾರ್. ಲಾರಿ ಸದ್ದಲ್ಲಿ ಮಸೀದಿ ಮೈಕ್ ನಮ್ಮ ಅಂಗಡಿಗೆ ಕೇಳ್ಸಲ್ಲ. ಇಫ್ತಾರ್‌ಗೆ ಇನ್ನೆಷ್ಟು ಹೊತ್ತು ಅಂತ ನಮ್ಮ ಅಂಗಡಿ ವೆಬ್ ಪೇಜಲ್ಲೇ ತೋರ್ಸೋ ಹಂಗೆ ಒಂದು ಡಬ್ಬಿ ಹಾಕ್ಕೊಡಿ."

ಸಣ್ಣ ಕೆಲಸ ಎಂದು ಒಪ್ಪಿಕೊಂಡೆ. ಡಬ್ಬಿ ಕೂರಿಸಲು ಗುಬ್ಬಿಗೆ ಹೋದಾಗ ಅಂಗಡಿಯಲ್ಲಿ ಕೂತಿದ್ದ ಅವರ ತಾಯಿ ನನ್ನನ್ನು ಹತ್ತಿರ ಕರೆದರು. "ದಿನವೆಲ್ಲ ಹನಿ ನೀರು ಕುಡೀದೆ ಇರ್ತೀವಪ್ಪ. ಹೊತ್ತು ಮುಳುಗೋಕೆ ಮುಂಚೆ ಬಾಯಿಗೆ ಖರ್ಜೂರ ಇಟ್ರೆ ಆವತ್ತಿನ ರೋಜಾ ಹೋಯ್ತು. ನಿನ್ನ ಮೇಲೆ ಭಾರ ಹಾಕಿದೀನಿ, ನೋಡ್ಕೊಂಡು ಮಾಡು" ಎಂದರು. ನನ್ನ ನಿದ್ದೆ ಕೆಡಿಸಲು ಅಷ್ಟು ಸಾಕಾಯಿತು. ನಾನೋ, ದಿನಕ್ಕೆ ನಾಲ್ಕು ಸಲ ತಿನ್ನುವವನು. ಇನ್ನೊಬ್ಬರ ಉಪವಾಸವನ್ನು ನಾನು ಕಾಯಬೇಕು!

ಅಷ್ಟರಲ್ಲಿ ಕುಣಿಗಲ್‌ನ ಬಟ್ಟೆ ಅಂಗಡಿಯವರೊಬ್ಬರು ತಮಗೂ ಅಂಥದೇ ಡಬ್ಬಿ ಬೇಕೆಂದರು. ಎರಡೂ ಊರಿನ ಸಮಯಗಳನ್ನು ತುಮಕೂರಿನ ನನ್ನ ವೆಬ್‌ಸೈಟಿನಲ್ಲಿಟ್ಟು, ಡಬ್ಬಿಗಳು ಅವರವರ ಪೇಜಿನಲ್ಲಿ ಕೂತು ಅಲ್ಲಿಂದ ತರಿಸಿಕೊಳ್ಳಲಿ ಎಂದುಕೊಂಡೆ. ಬ್ರೌಸರ್ ಒಪ್ಪಲಿಲ್ಲ. ಒಂದು ಸೈಟಿನ ಪೇಜು ಇನ್ನೊಂದು ಸೈಟಿನಿಂದ ಮಾಹಿತಿ ತರಿಸಿ ಓದುವಂತಿಲ್ಲ ಎಂಬುದು ಅದರ ಕಾನೂನು. ಆದರೆ ಬೇರೆ ಸೈಟಿನ ಸ್ಕ್ರಿಪ್ಟನ್ನು, ಎಂದರೆ ಪ್ರೋಗ್ರಾಮನ್ನು, ಇಡಿಯಾಗಿ ಕರೆತಂದು ಪೇಜಿನೊಳಗೆ ಓಡಿಸಬಹುದು, ಅದಕ್ಕೆ ಅಡ್ಡಿಯಿಲ್ಲ! ಪಕ್ಕದ ಮನೆಯಿಂದ ಒಂದು ಲೋಟ ಹಾಲು ತರಕೂಡದು, ಆದರೆ ಪಕ್ಕದ ಮನೆಯಾಕೆಯನ್ನೇ ಕರೆದು ಅಡುಗೆಮನೆ ಬಿಟ್ಟುಕೊಡಬಹುದು ಎಂದ ಹಾಗೆ. ಸರಿ, ಸಮಯವನ್ನು ಸ್ಕ್ರಿಪ್ಟಿನೊಳಗೇ ಸುತ್ತಿ ಕಳಿಸಿದೆ.

ಆಮೇಲೆ ಹೆದರಿಕೆ ಶುರುವಾಯಿತು. ಇನ್ನೊಬ್ಬರ ಮನೆಯೊಳಗೆ ನನಗೆ ಇಷ್ಟೊಂದು ಸಲಿಗೆ! ನಾನು ಇಲ್ಲಿ ಒಂದು ಚುಕ್ಕಿ ತಪ್ಪಿದರೆ ಅಲ್ಲಿ ಅವರ ಪೇಜೇ ನಿಂತುಹೋದೀತು. ಮೊದಲ ದಿನವೇ ನನ್ನ ಡಬ್ಬಿಯ ಹಸಿರು ಬಣ್ಣ ಸೋರಿ ಕುಣಿಗಲ್‌ನವರ ಪೇಜಿನಲ್ಲಿ ಸೀರೆಗಳ ಹೆಸರೆಲ್ಲ ಹಸಿರಾದವು. ಬೆವರುತ್ತಾ ಫೋನ್ ಮಾಡಿದರೆ ಅಂಗಡಿಯವರು, "ಚೆನ್ನಾಗೈತೆ, ಇರ್ಲಿ ಬುಡಿ" ಎಂದರು. ಅವರ ಅಂಗಡಿಯ ಎದುರಿಗೇ ಮಸೀದಿ. ಡಬ್ಬಿ ಅವರಿಗೆ ಬರೀ ಅಲಂಕಾರ. ಗುಬ್ಬಿಯವರು ಮಾತ್ರ ಅದನ್ನೇ ನಂಬಿ ಕೂತಿದ್ದರು.

ರಂಜಾನಿನ ಮೊದಲ ಸಂಜೆ ನಾನು ಮನೆಯ ಕಂಪ್ಯೂಟರಿನ ಮುಂದೆ ಡಬ್ಬಿ ನೋಡುತ್ತಾ ಕೂತೆ. ನಿಮಿಷಗಳು ಒಂದೊಂದಾಗಿ ಸರಿಯಾಗಿಯೇ ಇಳಿಯುತ್ತಿದ್ದವು. ಒಳಗಿನಿಂದ ಗಿರಿಜೆ, "ರೀ, ಗಡಿಯಾರದಲ್ಲಿ ಆರೂವರೆ. ದೀಪ ಹಚ್ಲಾ? ಇಲ್ಲ ಬಿಡಿ, ಇನ್ನೂ ಹತ್ತು ನಿಮಿಷ ಇದೆ" ಎಂದಳು.

ತಟ್ಟನೆ ಹೊಳೆಯಿತು. ನಯಾಜ್ ಅಂಗಡಿಯ ಕಂಪ್ಯೂಟರ್! ಡಬ್ಬಿ ಕೂರಿಸಿದ ದಿನ ಅದರ ಗಡಿಯಾರ ಮುಂದಿದ್ದುದನ್ನು ನಾನೇ ನೋಡಿದ್ದೆ. "ಲಾಸ್ಟ್ ಬಸ್ ತಪ್ಪಬಾರ್ದು ಅಂತ ಹತ್ತು ನಿಮಿಷ ಮುಂದೆ ಇಟ್ಟಿದೀನಿ ಸಾರ್" ಎಂದಿದ್ದರು, ನಾನೂ ನಕ್ಕಿದ್ದೆ. ಹೊತ್ತು ಯಾವಾಗ ಮುಳುಗುತ್ತದೆ ಎಂಬುದು ನನ್ನ ಸೈಟಿನಿಂದ ಹೋಗುತ್ತಿತ್ತು. ಈಗ ಗಂಟೆ ಎಷ್ಟು ಎಂಬುದನ್ನು ಮಾತ್ರ ಡಬ್ಬಿ ಅಲ್ಲಿನ ಕಂಪ್ಯೂಟರನ್ನೇ ಕೇಳುತ್ತಿತ್ತು. ಹೊರಗಿನಿಂದ ಬಂದದ್ದನ್ನು ಬ್ರೌಸರ್ ಅಷ್ಟೊಂದು ಅನುಮಾನಿಸಿತಲ್ಲ, ಆ ಹೊರಗಿನ ಸಮಯ ಸರಿಯಾಗಿಯೇ ಇತ್ತು. ಸುಳ್ಳು ಹೇಳುತ್ತಿದ್ದುದು ಮನೆಯೊಳಗಿನ ಗಡಿಯಾರ. ಅದನ್ನು ಯಾರೂ ತಡೆದು ಕೇಳಲಿಲ್ಲ, ನಾನೂ ಸೇರಿದಂತೆ.

ಕೂತಲ್ಲೇ ತಿದ್ದಬಹುದಿತ್ತು. ಆದರೆ ಅಲ್ಲಿ ಪೇಜು ಆಗಲೇ ತೆರೆದು ಕೂತಿರುತ್ತದೆ. ಅದನ್ನು ಮತ್ತೊಮ್ಮೆ ತೆರೆಯುವವರೆಗೆ ನನ್ನ ತಿದ್ದುಪಡಿ ಅಲ್ಲಿಗೆ ಮುಟ್ಟುವುದಿಲ್ಲ. ಫೋನಿಗೆ ಓಡಿದೆ. ಎಂಗೇಜ್. ಮತ್ತೆ ತಿರುಗಿಸಿದೆ, ಎಂಗೇಜ್. ಕಿಟಕಿಯಾಚೆ ಬಿಸಿಲಿನ್ನೂ ಎದುರುಮನೆಯ ಟ್ಯಾಂಕಿನ ಮೇಲೆ ಕೂತಿತ್ತು. ಅಷ್ಟು ಹೊತ್ತು ಹಸಿದಿದ್ದ ಆ ಮುದುಕಿ ಖರ್ಜೂರ ಬಾಯಿಗಿಡುವುದು ಕಣ್ಣಿಗೆ ಕಟ್ಟಿ ನನಗೆ ಅಳುವೇ ಬಂತು. ರಿಸೀವರ್ ಕೆಳಗಿಟ್ಟ ಮರುಕ್ಷಣ ಫೋನ್ ಹೊಡೆದುಕೊಂಡಿತು.

"ಎಷ್ಟೊತ್ತಿಂದ ಮಾಡ್ತಾ ಇದೀನಿ, ಎಂಗೇಜ್ ಬರ್ತಿದೆಯಲ್ಲ ಸಾರ್!" ನಯಾಜ್ ದನಿ. "ಡಬ್ಬಿ ಇಫ್ತಾರ್ ಆಯ್ತು ಅಂತಿದೆ. ಅಮ್ಮ ಇನ್ನೂ ಬೆಳಕೈತೆ ಅಂತವ್ರೆ. ಆ ಸಾರ್‌ನೇ ಕೇಳು, ಅವ್ರು ಹೇಳೋವರ್ಗೂ ತಿನ್ನಲ್ಲ ಅಂತ ಖರ್ಜೂರ ಕೈಯಲ್ಲೇ ಹಿಡ್ಕೊಂಡು ಕೂತವ್ರೆ."

"ತಿನ್ನಬೇಡಿ! ಫೋನ್ ಇಡಬೇಡಿ!" ಎಂದು ಕೂಗಿದೆ. ಇನ್ನು ಯಾವ ಡಬ್ಬಿಯನ್ನೂ ನಂಬಲಾರೆ ಎಂದು ಫೋನಿನ ವೈರನ್ನು ಕಿಟಕಿಯವರೆಗೆ ಎಳೆದು ನಿಂತೆ. ಟ್ಯಾಂಕಿನ ಮೇಲಿನ ಬಿಸಿಲು ಹೋಯಿತು, ಕಾಗೆಗಳು ಹೋದವು. ಕೊನೆಗೂ ನಮ್ಮ ಬಡಾವಣೆಯ ಮಸೀದಿಯಿಂದ ಆಜಾನ್ ಎದ್ದಿತು. ರಿಸೀವರನ್ನು ಕಿಟಕಿಯಿಂದಾಚೆ ಚಾಚಿ ಹಿಡಿದೆ. ಯಾವ ಬ್ರೌಸರಿನ ಅಪ್ಪಣೆಯನ್ನೂ ಕೇಳದೆ ಮರಳೂರಿನ ಸಂಜೆ ಗುಬ್ಬಿಗೆ ಹೋಯಿತು.

"ಕೇಳಿಸ್ತು ಸಾರ್, ಕೇಳಿಸ್ತು" ಎಂದರು ನಯಾಜ್.

ನನ್ನ ಗಾಬರಿ ಅಷ್ಟಕ್ಕೇ ಬಿಡುವಂಥದಲ್ಲ. "ಗುಬ್ಬಿ ನಮಗಿಂತ ಪಶ್ಚಿಮಕ್ಕಿದೆ, ಅಲ್ಲಿ ಹೊತ್ತು ಮುಳುಗೋದು ತಡ, ಇನ್ನೊಂದು ನಿಮಿಷ ತಡೀರಿ!" ಎಂದೆ.

ಫೋನು ಕೈ ಬದಲಾಯಿಸಿತು. ಅವರ ತಾಯಿ ನಗುತ್ತಿದ್ದರು. "ತಡೀತೀವಿ ಬುಡಪ್ಪ, ಬೆಳಗ್ಗೆಯಿಂದ ತಡ್ದಿದೀವಿ, ಇದೊಂದು ನಿಮಿಷ ದೊಡ್ಡದಾ? ನೀನು ಮೊದ್ಲು ಒಂದು ಲೋಟ ನೀರು ಕುಡಿ. ದನಿ ನಡುಗ್ತಾ ಐತೆ."