ಇಡ್ಲಿ ತಟ್ಟೆಯಲ್ಲಿ ಉಳಿದ ವಾಷರ್

ಪದ್ಮನಾಭನಗರದಲ್ಲಿ ನಮ್ಮ ಮಹಡಿ ಮನೆಯಲ್ಲಿದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರ ಬಳಿ ನೈಟ್ರೋ ಇಂಧನದಿಂದ ಓಡುವ ಪುಟ್ಟ ರಿಮೋಟ್ ಟ್ರಕ್ ಇತ್ತು. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳುವಂತೆ ಮಾಡುವ ಅದರ ಡಿಫರೆನ್ಶಿಯಲ್ಲನ್ನು ಪ್ರತಿ ಶನಿವಾರ ಬಿಚ್ಚುತ್ತಿದ್ದರು. ಗೇರು, ಸ್ಕ್ರೂ, ವಾಷರ್‌ಗಳೆಲ್ಲ ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕ್ರಮವಾಗಿ ಕೂರುತ್ತಿದ್ದವು. ಮತ್ತೆ ಜೋಡಿಸಿ, ಎಣ್ಣೆ ತುಂಬಿ, ಕಣ್ಣು ಮುಚ್ಚಿಕೊಂಡು ಚಕ್ರ ತಿರುಗಿಸುವರು. ಬೆರಳಿಗೆ ಒಂಚೂರು ತರಿತರಿ ಅನಿಸಿದರೂ ಸಾಕು, “ಇನ್ನೊಂದ್ಸಲ ಬಿಚ್ಚೋಣ” ಎನ್ನುವರು.

ಒಂದು ಭಾನುವಾರ ಉತ್ತರಹಳ್ಳಿ ಕಡೆಯ ಮೈದಾನದಲ್ಲಿ ಇಂಥ ಟ್ರಕ್‌ಗಳ ರೇಸು; ನಾನೂ ಜೊತೆಗೆ ಹೋಗಿದ್ದೆ. ಮೇಷ್ಟ್ರು ಮೊದಲ ಸಲ ಫೈನಲ್ ತಲುಪಿದ್ದರು. ಫೈನಲ್‌ಗೆ ಮುಂಚೆ ಸಿಕ್ಕ ಬಿಡುವಿನಲ್ಲಿ ಡಿಫರೆನ್ಶಿಯಲ್ ಬಿಚ್ಚಿ ಹೊಸ ಎಣ್ಣೆ ಹಾಕಿ, ಎಂಜಿನ್ ಶುರು ಮಾಡಿ, ಟ್ರಕ್ಕನ್ನು ರೇಸು ಶುರುವಾಗುವ ಗೆರೆಯ ಮೇಲೆ ನಿಲ್ಲಿಸಿದರು. ತಟ್ಟೆ ಎತ್ತಿಡಲು ಹೋದ ನನಗೆ ಕೊನೆಯ ಗುಳಿಯಲ್ಲಿ ಉಗುರಿಗಿಂತ ತೆಳುವಾದ ಒಂದು ವಾಷರ್ ಕಂಡಿತು. ತೋರಿಸಬಾರದಿತ್ತು, ತೋರಿಸಿದೆ.

“ಓಡತ್ತೆ ಬಿಡಿ ಮೇಷ್ಟ್ರೇ, ಹತ್ತೇ ರೌಂಡು,” ಎಂದೆ.

“ಓಡತ್ತೆ. ಗೇರ್ ಹಲ್ಲು ತಿನ್ಕೊಂಡು ಓಡತ್ತೆ.” ಬಗ್ಗಿ ಎಂಜಿನ್ ಆರಿಸಿದರು. “ಬನ್ನಿ, ಇನ್ನೊಂದ್ಸಲ ಬಿಚ್ಚೋಣ.”

ಹೊಂಗೆ ಮರದ ಕೆಳಗೆ ಕೂತು ಅವರು ಕೊನೆಯ ಸ್ಕ್ರೂ ಬಿಗಿಯುವಷ್ಟರಲ್ಲಿ ಗೆದ್ದವರು ಕಪ್ ಹಿಡಿದು ಫೋಟೋ ತೆಗೆಸಿಕೊಂಡು ಹೊರಟುಹೋಗಿದ್ದರು. ಮೇಷ್ಟ್ರು ಇಡ್ಲಿ ತಟ್ಟೆಯನ್ನು ನನ್ನ ಕೈಗಿತ್ತರು.

“ಏನಾದ್ರೂ ಉಳಿದಿದ್ಯಾ, ನೋಡಿ ಹೇಳಿ.”

ಏನೂ ಉಳಿದಿರಲಿಲ್ಲ. ಖಾಲಿ ಮೈದಾನದಲ್ಲಿ ಟ್ರಕ್ಕನ್ನು ಅದೇ ಗೆರೆಯ ಮೇಲೆ ನಿಲ್ಲಿಸಿ, ಹತ್ತೂ ಸುತ್ತು ಓಡಿಸಿದರು.